2 ವಿಸಿಪಿಯು ಎಂದರೆ 2 ಕೋರ್ ಎಂದೇ ಅರ್ಥವೇ? ಕ್ಲೌಡ್ ಕಂಪ್ಯೂಟರಿನ ಅಂಕಿಗಳನ್ನು ಓದುವ ಬಗೆ

ಹೊಸ ಫೋನ್ ಕೊಳ್ಳುವಾಗ ನಾವೆಲ್ಲ ಡಬ್ಬದ ಮೇಲಿನ ಅಂಕಿಗಳನ್ನು ನೋಡುತ್ತೇವೆ: ಎಷ್ಟು ರ‍್ಯಾಮ್, ಎಷ್ಟು ಸ್ಟೋರೇಜ್, ಯಾವ ಪ್ರೊಸೆಸರ್. ಕ್ಲೌಡ್‌ನಲ್ಲಿ ಕಂಪ್ಯೂಟರನ್ನು ಬಾಡಿಗೆಗೆ ಪಡೆಯುವಾಗಲೂ ಇಂಥವೇ ಅಂಕಿಗಳು ಕಾಣುತ್ತವೆ. ಆದರೆ ಅವುಗಳ ಅರ್ಥ ಬೇರೆ. ಅದನ್ನು ತಿಳಿಯದೆ ಅಂಗಡಿಯ ವೆಬ್‌ಸೈಟನ್ನೋ ಕಾಲೇಜಿನ ಪ್ರಾಜೆಕ್ಟನ್ನೋ ಅಲ್ಲಿಟ್ಟರೆ, ಜನ ಹೆಚ್ಚು ಬಂದ ದಿನವೇ ಸೈಟು ನಿಧಾನವಾಗಬಹುದು, ಇಲ್ಲವೇ ತಿಂಗಳ ಕೊನೆಗೆ ನಿರೀಕ್ಷಿಸದ ಬಿಲ್ಲು ಬರಬಹುದು.

ವರ್ಚುವಲ್ ಮಷೀನ್ ಎಂದರೇನು?

ಕ್ಲೌಡ್ ಎಂಬುದು ಆಕಾಶದಲ್ಲಿಲ್ಲ. ಡೇಟಾ ಸೆಂಟರಿನಲ್ಲಿರುವ ದೊಡ್ಡ ಸರ್ವರ್ ಒಂದನ್ನು ಹೈಪರ್‌ವೈಸರ್ ಎಂಬ ತಂತ್ರಾಂಶ ಹಲವು ಪಾಲು ಮಾಡುತ್ತದೆ. ಒಂದೊಂದು ಪಾಲೂ ಒಂದು ವರ್ಚುವಲ್ ಮಷೀನ್. ನಮ್ಮ ಹಳೆಯ ವಠಾರಗಳನ್ನು ನೆನಪಿಸಿಕೊಳ್ಳಿ: ಪ್ರತಿ ಸಂಸಾರಕ್ಕೂ ಬೇರೆ ಬಾಗಿಲು, ಬೇರೆ ಬೀಗ, ಕಟ್ಟಡ ಮಾತ್ರ ಒಂದೇ.

ಅಮೆಜಾನ್ 2006ರಲ್ಲಿ ಇಸಿ2 ಎಂಬ ಬಾಡಿಗೆ ಸೇವೆ ಆರಂಭಿಸಿದಾಗ ಇದ್ದದ್ದು ಒಂದೇ ಬಗೆಯ ಯಂತ್ರ: 1.75 ಜಿಬಿ ಮೆಮೊರಿ, 160 ಜಿಬಿ ಡಿಸ್ಕ್, ಗಂಟೆಗೆ 10 ಅಮೆರಿಕನ್ ಸೆಂಟ್. ಈಗ ನೂರಾರು ಬಗೆಗಳಿವೆ. ಗೊಂದಲ ಹುಟ್ಟುವುದೇ ಇಲ್ಲಿ.

ವಿಸಿಪಿಯು: ಕೋರ್ ಅಲ್ಲ, ಥ್ರೆಡ್

ಇಂಟೆಲ್ ಪ್ರೊಸೆಸರಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಕೋರ್ ಎರಡು ಥ್ರೆಡ್‌ಗಳನ್ನು ನಡೆಸುತ್ತದೆ. ಒಂದೊಂದು ಥ್ರೆಡ್ಡನ್ನೂ ಒಂದು ವಿಸಿಪಿಯು ಎಂದು ಎಣಿಸುತ್ತಾರೆ. ಅಂದರೆ 2 ವಿಸಿಪಿಯು ಪಡೆದರೆ ನಿಮಗೆ ಸಿಗುವುದು ಒಂದೇ ಕೋರ್. ಒಂದೇ ಒಲೆಯ ಮುಂದೆ ಇಬ್ಬರು ನಿಂತರೆ ಕೆಲಸ ಸ್ವಲ್ಪ ಬೇಗ ಆಗಬಹುದು, ಅಡುಗೆ ಇಮ್ಮಡಿಯಾಗುವುದಿಲ್ಲ. ಆದರೆ ಅಮೆಜಾನಿನದೇ ಗ್ರಾವಿಟಾನ್ ಚಿಪ್ಪಿನಲ್ಲಿ ಒಂದು ವಿಸಿಪಿಯು ಎಂದರೆ ಪೂರ್ತಿ ಒಂದು ಕೋರ್. ಲಿನಕ್ಸ್ ಯಂತ್ರದಲ್ಲಿ ‘ಎಲ್‌ಎಸ್‌ಸಿಪಿಯು’ ಆದೇಶ ಕೊಟ್ಟರೆ ಕೋರಿಗೆ ಎಷ್ಟು ಥ್ರೆಡ್ ಎಂಬುದು ಕಾಣುತ್ತದೆ.

ಹೆಸರಿನಲ್ಲೇ ಸುಳಿವು

ಎಂ5.ಲಾರ್ಜ್, ಸಿ5.ಲಾರ್ಜ್, ಆರ್5.ಲಾರ್ಜ್ ಮೂರರಲ್ಲೂ 2 ವಿಸಿಪಿಯು ಇವೆ. ಆದರೆ ಮೆಮೊರಿ ಕ್ರಮವಾಗಿ 8, 4 ಮತ್ತು 16 ಜಿಬಿ. ಮೊದಲ ಅಕ್ಷರ ಯಂತ್ರದ ಬಗೆ ಹೇಳುತ್ತದೆ: ಎಂ ಸಾಮಾನ್ಯ ಕೆಲಸಕ್ಕೆ, ಸಿ ಲೆಕ್ಕಾಚಾರ ಹೆಚ್ಚಿರುವಲ್ಲಿಗೆ, ಆರ್ ಡೇಟಾಬೇಸಿನಂತೆ ಮೆಮೊರಿ ಬೇಡುವ ಕೆಲಸಕ್ಕೆ. ಅಂಕಿ ತಲೆಮಾರನ್ನೂ ಕೊನೆಯ ಪದ ಗಾತ್ರವನ್ನೂ ಸೂಚಿಸುತ್ತವೆ. ಮೆಮೊರಿ ಪೂರ್ತಿ ಮುಗಿದರೆ ಲಿನಕ್ಸ್ ಯಾವುದಾದರೂ ಪ್ರೋಗ್ರಾಮನ್ನು ತಾನೇ ನಿಲ್ಲಿಸಿಬಿಡುತ್ತದೆ. ಎಷ್ಟೋ ಸಲ ಹಾಗೆ ನಿಲ್ಲುವುದು ಹೆಚ್ಚು ಮೆಮೊರಿ ಹಿಡಿದಿರುವ ಡೇಟಾಬೇಸೇ.

ಅಗ್ಗದ ಯಂತ್ರದ ಗುಟ್ಟು

ಟಿ3.ಮೈಕ್ರೋದಲ್ಲೂ 2 ವಿಸಿಪಿಯು, 1 ಜಿಬಿ ಮೆಮೊರಿ ಇವೆ. ಆದರೆ ಅದು ಸತತವಾಗಿ ಬಳಸಬಹುದಾದದ್ದು ಸಾಮರ್ಥ್ಯದ ಶೇ. 10 ಮಾತ್ರ. ಗಂಟೆಗೆ 12 ಕ್ರೆಡಿಟ್ ಜಮಾ ಆಗುತ್ತದೆ. ಒಂದು ವಿಸಿಪಿಯು ಒಂದು ನಿಮಿಷ ಪೂರ್ತಿ ದುಡಿದರೆ ಒಂದು ಕ್ರೆಡಿಟ್ ಖರ್ಚು. ಎರಡೂ ಗಂಟೆಯಿಡೀ ದುಡಿದರೆ ಬೇಕಾಗುವುದು 120, ಬರುವುದು 12! ಖಾತೆಯಲ್ಲಿ ಹೆಚ್ಚೆಂದರೆ 288 ಕ್ರೆಡಿಟ್ ಕೂಡಿಡಬಹುದು. ಅದೂ ಖಾಲಿಯಾದ ಮೇಲೆ ‘ಸ್ಟ್ಯಾಂಡರ್ಡ್’ ಆಯ್ಕೆಯಲ್ಲಿ ವೇಗ ಕುಸಿಯುತ್ತದೆ. ಟಿ3ಯಲ್ಲಿ ತಾನಾಗಿಯೇ ಬರುವ ‘ಅನ್‌ಲಿಮಿಟೆಡ್’ ಆಯ್ಕೆಯಲ್ಲಿ ವೇಗ ಉಳಿಯುತ್ತದೆ, ಆದರೆ ಹೆಚ್ಚುವರಿ ಬಳಕೆಗೆ ಶುಲ್ಕ ಬೀಳಬಹುದು.

ನಿಲ್ಲಿಸಿದರೆ ಬಿಲ್ಲು ನಿಲ್ಲುತ್ತದೆಯೇ?

ಪೂರ್ತಿ ಇಲ್ಲ. ಯಂತ್ರ ನಿಲ್ಲಿಸಿದರೆ ಅದರ ಬಾಡಿಗೆ ನಿಲ್ಲುತ್ತದೆ. ಜೋಡಿಸಿದ ಇಬಿಎಸ್ ಡಿಸ್ಕಿನ ಬಾಡಿಗೆ ಮುಂದುವರಿಯುತ್ತದೆ. ಬೀಗ ಹಾಕಿ ಊರಿಗೆ ಹೋದರೂ ಮನೆ ಬಾಡಿಗೆ ತಪ್ಪದ ಹಾಗೆ! ಸರ್ವರಿನಲ್ಲೇ ಇರುವ ‘ಇನ್‌ಸ್ಟನ್ಸ್ ಸ್ಟೋರ್’ ಡಿಸ್ಕಿನಲ್ಲಿ ಇಟ್ಟ ಮಾಹಿತಿಯಂತೂ ಯಂತ್ರ ನಿಲ್ಲಿಸಿದಾಗ ಅಳಿಸಿಹೋಗುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲು ಚಿಕ್ಕ ಯಂತ್ರ ಪಡೆದು ಕೆಲವು ದಿನ ಸಿಪಿಯು ಮತ್ತು ಮೆಮೊರಿ ಬಳಕೆ ಗಮನಿಸಿ. ಯಾವುದು ಸಾಲದೋ ಅದಕ್ಕೆ ತಕ್ಕ ಬಗೆಗೆ ಬದಲಾಯಿಸಿ. ಮೊದಲ ದಿನವೇ ಬಜೆಟ್ ಎಚ್ಚರಿಕೆ ಹಾಕಿಡಿ. ಅದು ಖರ್ಚನ್ನು ತಡೆಯದಿದ್ದರೂ ಮಿತಿ ದಾಟಿದ್ದನ್ನು ತಿಳಿಸುತ್ತದೆ. ಬೇಡವಾದ ಯಂತ್ರವನ್ನು ನಿಲ್ಲಿಸಿ ಸುಮ್ಮನಾಗದೆ, ಬೇಕಾದ ಮಾಹಿತಿ ತೆಗೆದಿಟ್ಟುಕೊಂಡು ಡಿಸ್ಕಿನ ಸಮೇತ ಅಳಿಸಿಹಾಕಿ.