ತುರುಗೋಳಿನ ಕಲ್ಲೂ ಜಾನುವಾರು ಪರಿಹಾರವೂ

ಶಿಕಾರಿಪುರ, ಸೊರಬ ಸೀಮೆಯಲ್ಲಿ ಕೆರೆ ಏರಿಯ ಮೇಲೋ ಈಶ್ವರನ ಗುಡಿಯ ಪಕ್ಕದಲ್ಲೋ ವೀರಗಲ್ಲುಗಳು ಹೇರಳವಾಗಿ ಸಿಗುತ್ತವೆ. ಅವುಗಳಲ್ಲಿ ಎಷ್ಟೋ ತುರುಗೋಳಿನವು, ಅಂದರೆ ದನಗಳ ಅಪಹರಣದ ವೇಳೆ ಹೋರಾಡಿ ಮಡಿದವರ ಕಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಒತ್ತೊತ್ತಾಗಿ ನಿಂತ ದನಗಳು, ಅವುಗಳೆದುರು ಬಿಲ್ಲೋ ಕತ್ತಿಯೋ ಹಿಡಿದ ಆಳು, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳು, ಎಂಟನೆಯ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳಿವೆ. ಹೋರಾಡಿ ಮಡಿದವನ ಮನೆಯವರಿಗೆ ಅರಸನೋ ಗಾವುಂಡನೋ ಊರವರೋ ಭೂಮಿ ಬಿಡುವ ವಾಡಿಕೆ ಕನ್ನಡ ನಾಡಿನಲ್ಲಿತ್ತು. ಅದೇ ನೆತ್ತರುಗೊಡಗೆ. ದನ ಕಳೆದುಕೊಂಡವರಿಗೆ ಇಂದು ಸರ್ಕಾರ ಕೊಡುವ ಪರಿಹಾರವನ್ನು ಈ ವಾಡಿಕೆಯ ಪಕ್ಕದಲ್ಲಿಟ್ಟು ನೋಡಬೇಕು ಎಂಬುದು ನನ್ನ ವಾದ.

ಕೊಡಗೆ ಸಿಕ್ಕಿದ್ದು ಮನುಷ್ಯನ ಶೌರ್ಯಕ್ಕೆ, ದನದ ಬೆಲೆಗಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಅದು ನಿಜ. ರೋಗದಿಂದ ಸತ್ತ ದನಕ್ಕೆ ಆ ಕಾಲದ ಅರಸರು ಏನಾದರೂ ಕೊಟ್ಟರೆಂದು ನಾನು ಹೇಳುತ್ತಿಲ್ಲ. ನನಗೆ ಮುಖ್ಯವಾಗುವುದು ಅವರು ಹಿಡಿದ ಅಳತೆ. ದುಡಿಯುವ ಆಳು ಹೋದ ಮೇಲೆ ಆ ಮನೆ ಮುಂದೆ ಏನು ಉಣ್ಣಬೇಕು ಎಂದು ಯೋಚಿಸಿದವರು ಮಾತ್ರ ಬೆಳೆ ಬರುವ ನೆಲವನ್ನು ಬಿಟ್ಟುಕೊಡುತ್ತಾರೆ.

ಇಂದಿನ ಲೆಕ್ಕ ತಲೆಗಿಷ್ಟು ಎಂಬುದು. 2022ರಲ್ಲಿ ಚರ್ಮಗಂಟು ರೋಗ ರಾಜ್ಯವನ್ನೆಲ್ಲ ಕಾಡಿದಾಗ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ನಿಗದಿಯಾಯಿತು. ಅದೇ ವರ್ಷ ಜಾರಿಗೆ ಬಂದ ಕೇಂದ್ರದ ವಿಪತ್ತು ಪರಿಹಾರ ಮಾರ್ಗಸೂಚಿಯಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500, ಉಳುವ ಎತ್ತಿಗೆ 32,000. ಒಂದು ಪಟ್ಟಿಯಲ್ಲಿ ಎತ್ತು ಮೇಲು, ಇನ್ನೊಂದರಲ್ಲಿ ಹಸು ಮೇಲು. ಎರಡೂ ಪಟ್ಟಿಗಳು ಲೆಕ್ಕಕ್ಕೆ ಹಿಡಿಯುವುದು ಸತ್ತ ದನವನ್ನೇ. ಆದರೆ ಚರ್ಮಗಂಟು ತಗುಲಿದ ದನಗಳಲ್ಲಿ ಬದುಕಿ ಉಳಿಯುವವೇ ಹೆಚ್ಚು. ಮೈತುಂಬ ಗಂಟೆದ್ದು, ಜ್ವರ ಬಂದು, ಹಾಲು ಇಳಿದುಹೋಗುತ್ತದೆ. ಗಬ್ಬದ ಹಸು ಕಂದು ಹಾಕುವುದೂ ಉಂಟು. ಕಾಲು ಬಾತ ಎತ್ತು ನೊಗಕ್ಕೆ ಬರುವುದಿಲ್ಲ. ಸಾಲ ಮಾಡಿ ಹಸು ಕಟ್ಟಿದ ಮನೆಗೆ ಆ ತಿಂಗಳುಗಳ ನಷ್ಟ ಸಣ್ಣದಲ್ಲ. ಆ ನಷ್ಟಕ್ಕೆ ಪಟ್ಟಿಯಲ್ಲಿ ಜಾಗವೇ ಇಲ್ಲದಿರುವುದು ಅನ್ಯಾಯ.

ಸತ್ತ ದನಕ್ಕೆ ಪಶುವೈದ್ಯರ ಮರಣೋತ್ತರ ವರದಿ ಇರುತ್ತದೆ, ಕಾಯಿಲೆ ಬಿದ್ದ ದನದ ನಷ್ಟಕ್ಕೆ ಸಾಕ್ಷಿ ಎಲ್ಲಿ, ಸುಳ್ಳು ಅರ್ಜಿಗಳು ಬರುವುದಿಲ್ಲವೇ ಎಂದು ಅಧಿಕಾರಿಗಳು ಕೇಳಬಹುದು. ತೂಕದ ಪ್ರಶ್ನೆಯೇ. ಆದರೆ ದನದ ಕಿವಿಯೋಲೆಯಲ್ಲಿ ಹನ್ನೆರಡು ಅಂಕಿಯ ಸಂಖ್ಯೆ ಇದೆ. ಡೇರಿಗೆ ಹಾಲು ಹಾಕುವ ಮನೆಯ ಲೆಕ್ಕ ಹೊತ್ತು ಹೊತ್ತಿಗೂ ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಬರೆದಿರುತ್ತದೆ. ಯಾವ ವಾರ ಎಷ್ಟು ಲೀಟರ್ ಇಳಿಯಿತು ಎಂಬುದನ್ನು ಅದರಿಂದಲೇ ತೆಗೆಯಬಹುದು. ಡೇರಿಗೆ ಹಾಲು ಹಾಕದವರ, ಎತ್ತು ಮಾತ್ರ ಇರುವವರ ಲೆಕ್ಕ ಇದರಲ್ಲಿ ಸಿಗದು. ಅವರಿಗೆ ಪಶು ಆಸ್ಪತ್ರೆಯ ಚಿಕಿತ್ಸೆಯ ದಾಖಲೆಯನ್ನೇ ಆಧಾರ ಮಾಡಬೇಕಾಗುತ್ತದೆ. ಇನ್ನು, ಬದುಕಿರುವ ದನಕ್ಕೆ ಸರ್ಕಾರ ಖರ್ಚು ಮಾಡುವುದು ಹೊಸತೂ ಅಲ್ಲ. ಬರಗಾಲದ ಗೋಶಾಲೆಗಳಲ್ಲಿ ದೊಡ್ಡ ದನವೊಂದಕ್ಕೆ ದಿನಕ್ಕೆ 80 ರೂಪಾಯಿಯ ಮೇವು, ನೀರು ಒದಗಿಸಲು ಅದೇ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಬರದಲ್ಲಿ ಒಪ್ಪಿದ ತತ್ವವನ್ನು ರೋಗದ ವಿಷಯದಲ್ಲಿ ಒಪ್ಪದಿರಲು ಕಾರಣ ನನಗೆ ಕಾಣುವುದಿಲ್ಲ.