ಓಡುವ ಪದವೊಂದರ ಬೆನ್ನುಹತ್ತಿ

ನಿಘಂಟನ್ನು ನಾವು ತೆರೆಯುವುದು ಕಷ್ಟಪದಗಳಿಗಾಗಿ. ಆದರೆ ನಿಘಂಟುಕಾರನ ಬೆವರಿಳಿಸುವವು ಅವಲ್ಲ. ತೊದಲುವ ಮಗುವಿನ ಬಾಯಿಗೂ ಬರುವ ಪುಟ್ಟ ಕ್ರಿಯಾಪದಗಳು. ಕನ್ನಡವನ್ನೇ ಓದಿ ಕನ್ನಡವನ್ನೇ ಕಲಿಸಿದ ನನಗೆ ಈ ಸತ್ಯ ಚೆನ್ನಾಗಿ ಮನದಟ್ಟಾದದ್ದು ಇಂಗ್ಲಿಷ್ ನಿಘಂಟುಗಳ ಚರಿತ್ರೆಯಿಂದ. ನಿದರ್ಶನಕ್ಕೆ ‘ರನ್’ ಎಂಬ ಒಂದೇ ಕ್ರಿಯಾಪದವನ್ನು ತೆಗೆದುಕೊಳ್ಳೋಣ. ‘ಓಡು’ ಎಂದು ಅರ್ಥ ಹೇಳಿ ಮುಗಿಸಿಬಿಡಬಹುದಾದ ಪದವಲ್ಲ ಅದು.

ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಸುಮಾರು 42,000 ಪದಗಳಿದ್ದವು. ‘ಟೇಕ್’ ಎಂಬ ಒಂದು ಪದಕ್ಕೇ ಆತ 134 ಅರ್ಥಗಳನ್ನು ಕೊಟ್ಟ. ಇಂಥ ಕ್ರಿಯಾಪದಗಳ ಅರ್ಥ ತೀರ ಸಡಿಲವಾದದ್ದು, ಹಿಡಿತಕ್ಕೆ ಸಿಕ್ಕದ್ದು ಎಂದು ಮುನ್ನುಡಿಯಲ್ಲಿ ತೋಡಿಕೊಂಡ. ಅಲ್ಲಿ ಅವನು ಹೆಸರಿಸಿದ ಪದಗಳಲ್ಲಿ ‘ರನ್’ ಸಹ ಒಂದು.

ಮುಂದೆ ಆಕ್ಸ್‌ಫರ್ಡ್ ಮಹಾನಿಘಂಟು ಬಂದಿತು. ಜೇಮ್ಸ್ ಮರೆ 1879ರಲ್ಲಿ ಅದರ ಸಂಪಾದಕತ್ವ ವಹಿಸಿದರು. ಮೊದಲ ಸಂಚಿಕೆ 1884ರಲ್ಲಿ ಹೊರಟಿತು. ಕೆಲಸ ಪೂರ್ಣವಾದದ್ದು 1928ರಲ್ಲಿ, ಮರೆ ತೀರಿಕೊಂಡು 13 ವರ್ಷಗಳಾದ ಮೇಲೆ. ಆ ಮಹಾಗ್ರಂಥದಲ್ಲಿ ಎಲ್ಲಕ್ಕಿಂತ ಹೆಚ್ಚು ಸ್ಥಳ ಹಿಡಿದದ್ದು ‘ಸೆಟ್’ ಎಂಬ ಕ್ರಿಯಾಪದ. 1989ರ ಎರಡನೆಯ ಆವೃತ್ತಿಯಲ್ಲಿ ಅದಕ್ಕೆ 430ರಷ್ಟು ಅರ್ಥಗಳಿದ್ದವು. ಪರಿಷ್ಕರಣ ಮುಂದುವರಿದಂತೆ 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’, 2011ರಲ್ಲಿ ‘ರನ್’ ಒಂದನ್ನೊಂದು ಮೀರಿಸಿದವು. ‘ರನ್’ ಕ್ರಿಯಾಪದದ ಅರ್ಥಗಳ ಸಂಖ್ಯೆ 645! ಪೀಟರ್ ಗಿಲಿವರ್ ಎಂಬ ಸಂಪಾದಕರು ಆ ಒಂದು ಪದದೊಡನೆ ಒಂಬತ್ತು ತಿಂಗಳು ಕಳೆದರು.

ಇಷ್ಟು ಅರ್ಥಗಳು ಎಲ್ಲಿಂದ ಬಂದವು? ಮೊದಲ ಕಾರಣ ವ್ಯಾಕರಣದ್ದು. ಹಳೆಯ ಜರ್ಮ್ಯಾನಿಕ್ ನುಡಿಗಳಲ್ಲಿ ಓಡುವುದಕ್ಕೊಂದು, ಓಡಿಸುವುದಕ್ಕೊಂದು, ಹೀಗೆ ಎರಡು ಕ್ರಿಯಾಪದಗಳಿದ್ದವು. ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ ನುಡಿಯ ರೂಪಗಳೂ ಸೇರಿ ಕಾಲಕ್ರಮದಲ್ಲಿ ಎಲ್ಲವೂ ಒಂದೇ ಪದದಲ್ಲಿ ಕರಗಿದವು. ನಮ್ಮಲ್ಲಿ ‘ಇಸು’ ಪ್ರತ್ಯಯ ‘ಓಡು’, ‘ಓಡಿಸು’ಗಳ ನಡುವೆ ಗೋಡೆಯಾಗಿ ನಿಂತಿದೆ, ಅಲ್ಲಿ ಆ ಗೋಡೆ ಬಿದ್ದುಹೋಯಿತು. ಕುದುರೆಯೂ ರನ್, ಕುದುರೆಯನ್ನು ಓಡಿಸುವವನೂ ರನ್. ಎರಡನೆಯ ಕಾರಣ ನೀರು. ಕಾಲಿನ ಓಟದಷ್ಟೇ ನೀರಿನ ಹರಿವೂ ಈ ಪದಕ್ಕೆ ಹಳೆಯದು. ಹೊಳೆ, ಮೂಗು, ಬಟ್ಟೆಯ ಬಣ್ಣ, ಕರಗಿದ ಮೇಣ, ಎಲ್ಲವೂ ಇಂಗ್ಲಿಷಿನಲ್ಲಿ ‘ಓಡು’ತ್ತವೆ.

ಮೂರನೆಯದು ಜನರ ಬದುಕು. ಗಾಳಿಗೆ ಸಾಗುವ ಹಡಗು ಈ ಪದವನ್ನೇ ಬಳಸಿಕೊಂಡಿತು. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗ ತೆರೆಯಿತು. ಉಗಿಬಂಡಿಯ ಸಂಚಾರಕ್ಕೂ ಇದೇ ಪದ ಒದಗಿತು. ಯಂತ್ರವನ್ನು ಓಡಿಸಿದಂತೆ ವ್ಯಾಪಾರವನ್ನೂ ‘ಓಡಿಸು’ವುದು ಬಂದಿತು, ಇಂದು ಕಂಪ್ಯೂಟರಿನ ಪ್ರೋಗ್ರಾಮ್ ಕೂಡ ರನ್ ಆಗುತ್ತದೆ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ‘ಓಡು’ತ್ತಾನೆ, ಬ್ರಿಟನ್ನಿನವನು ‘ನಿಲ್ಲು’ತ್ತಾನೆ. ನಮ್ಮವನೂ ನಿಲ್ಲುವವನೇ, ಗೆದ್ದ ಮೇಲೆ ಕೈಗೆ ಸಿಕ್ಕದೆ ಓಡುವುದು ಬೇರೆ ಮಾತು!

ಒಂದು ಸಂಗತಿಯನ್ನು ಗಮನಿಸಬೇಕು. ಇಂಗ್ಲಿಷು ಕೊಡುಗೈಯಿಂದ ಸಾಲ ತಂದ ಭಾಷೆ. ಲ್ಯಾಟಿನ್, ಗ್ರೀಕ್, ಫ್ರೆಂಚ್ ಪದಗಳಿಗೆ ಅಲ್ಲಿ ಬರವಿಲ್ಲ. ಆದರೂ ಪ್ರತಿಯೊಂದು ಹೊಸ ಯುಗವೂ ತನ್ನ ದುಡಿಮೆಯ ಭಾರವನ್ನು ಈ ಹಳೆಯ ಮನೆಪದದ ಮೇಲೆಯೂ ಹೊರಿಸಿತು. ಪದ ಮುರಿಯಲಿಲ್ಲ, ಬೆಳೆಯಿತು. ಜಾನ್ಸನ್ನನಿಗೆ ಸಡಿಲವಾಗಿ ಕಂಡದ್ದೇ ಅದರ ಕಸುವು.

ಕನ್ನಡಕ್ಕೂ ಈ ಕಸುವು ಉಂಟು. ‘ನಡೆ’ ಎಂಬುದನ್ನೇ ನೋಡಿ. ಮಗು ನಡೆಯುತ್ತದೆ, ಮದುವೆ ನಡೆಯುತ್ತದೆ, ಅಂಗಡಿ ನಡೆಯುತ್ತದೆ, ಊರಿನಲ್ಲಿ ಹಿರಿಯರ ಮಾತು ನಡೆಯುತ್ತದೆ. ಸಂಸಾರವನ್ನೂ ಸಂಸ್ಥೆಯನ್ನೂ ನಾವು ‘ನಡೆಸು’ತ್ತೇವೆ. ಆದರೆ ಲೇಖನಿ ಹಿಡಿದೊಡನೆ ನಮಗೆ ‘ನಡೆಸು’ ಸಾಲದೆ ‘ನಿರ್ವಹಣೆ’, ‘ಸಂಚಾಲನೆ’, ‘ಕಾರ್ಯಾಚರಣೆ’ಗಳು ಬೇಕಾಗುತ್ತವೆ. ಆ ಪದಗಳ ಮೇಲೆ ನನಗೆ ಹಗೆಯಿಲ್ಲ. ಶಾಸ್ತ್ರಕ್ಕೆ ಅವು ಬೇಕು. ಆದರೆ ಮನೆಪದಕ್ಕೆ ಕೆಲಸ ಕೊಡದಿದ್ದರೆ ಅದು ಅಡುಗೆಮನೆಯಲ್ಲೇ ಮುದುರಿಕೊಳ್ಳುತ್ತದೆ. ಆಗ ಬರೆಯುವ ಕನ್ನಡವೊಂದು, ಬದುಕುವ ಕನ್ನಡವೊಂದು ಆಗಿ ಬೇರ್ಪಡುತ್ತವೆ.

ಮರೆಯವರಿಗೆ ಓದುಗರು ಉದಾಹರಣೆಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸುತ್ತಿದ್ದರು. ಅಪರೂಪದ ಪದಗಳಿಗೆ ಚೀಟಿಗಳ ರಾಶಿ ಬಂದರೆ, ಸಾಮಾನ್ಯ ಪದಗಳಿಗೆ ಅವುಗಳ ಬರ ಬಿದ್ದಿತು! ದಿನವೂ ಕಣ್ಣೆದುರಿಗಿದ್ದದ್ದನ್ನು ಬರೆದುಕೊಳ್ಳಬೇಕೆಂದು ಯಾರಿಗೂ ತೋರಲಿಲ್ಲ. ಅವರು ಮತ್ತೆ ಮತ್ತೆ ಕೇಳಬೇಕಾಯಿತು. ನಮ್ಮ ‘ನಡೆ’, ‘ಹಿಡಿ’, ‘ಬೀಳು’ಗಳು ಸಂತೆಯಲ್ಲಿ, ಗದ್ದೆಯಲ್ಲಿ, ಗ್ಯಾರೇಜಿನಲ್ಲಿ ಇಂದು ಎಷ್ಟು ಕೆಲಸ ಮಾಡುತ್ತಿವೆಯೋ! ಅವಕ್ಕೂ ಚೀಟಿ ಬರೆಯುವ ಕೈಗಳು ಬೇಕು.