ಬಾಗಿಲಿಗೆ ಅಂಟಿಸಿ ಹೋದ ಸಮನ್ಸು

ಬರ್ ದುಬೈಯಲ್ಲಿ ಬೆಳೆದ ನಮಗೆ ಅಂಚೆಯಣ್ಣ ಎಂದರೆ ಕಥೆಯಲ್ಲಿ ಬರುವ ಪಾತ್ರ. ಇಲ್ಲಿ ಕಾಗದ ಮನೆ ಬಾಗಿಲಿಗೆ ಬರುವುದಿಲ್ಲ, ಪಿ.ಓ. ಬಾಕ್ಸಿಗೆ ಬರುತ್ತದೆ. ಆದರೆ ನಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಊರಿನಲ್ಲಿ ಸಾಲ ಮಾಡಿ ಮನೆ ತೆಗೆದುಕೊಂಡಿದ್ದಾರೆ. ಆ ಸಾಲದ ಪತ್ರದಲ್ಲಿ ಇರುವುದು ಊರಿನ ವಿಳಾಸ. ಕೋರ್ಟಿನ ಕಾಗದ ಅಲ್ಲಿಗೆ ಹೋದಾಗ ಬಾಗಿಲಿಗೆ ಬೀಗ ಇದ್ದರೆ ಏನಾಗುತ್ತದೆ ಎಂದು ನೀವು ಯಾವಾಗಲಾದರೂ ಯೋಚಿಸಿದ್ದೀರಾ? ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಕನಿಷ್ಠ 150 ವರ್ಷದ ಇತಿಹಾಸವಿದೆ.

1875ರ ಮೇ 12. ಪುಣೆ ಜಿಲ್ಲೆಯ ಸುಪಾ ಎಂಬ ಊರಿನಲ್ಲಿ ಅಂದು ಸಂತೆ. ಸುತ್ತಲಿನ ರೈತರು ಗುಂಪಾಗಿ ಬಂದು ಸಾಹುಕಾರರ ಮೇಲೆ ಬಿದ್ದರು. ಅವರು ಮುಖ್ಯವಾಗಿ ಕೇಳಿದ್ದು ದುಡ್ಡನ್ನಲ್ಲ, ಸಾಲಪತ್ರ ಮತ್ತು ಲೆಕ್ಕದ ಪುಸ್ತಕಗಳನ್ನು. ಅವನ್ನು ಕಿತ್ತುಕೊಂಡು ಸುಟ್ಟರು. ಗಲಾಟೆ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು. ಇತಿಹಾಸದ ಪುಸ್ತಕಗಳಲ್ಲಿ ಇದನ್ನು 'ದಖ್ಖನಿನ ದಂಗೆ' ಎನ್ನುತ್ತಾರೆ. ಸಿಬಿಎಸ್‌ಇ ಓದುವವರಿಗೆ 12ನೇ ತರಗತಿಯಲ್ಲಿ ಈ ಪಾಠ ಸಿಗುತ್ತದೆ.

ಕಾಗದಕ್ಕೆ ಯಾಕೆ ಅಷ್ಟು ಸಿಟ್ಟು? ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ನಮ್ಮ ಧಾರವಾಡ ಸೀಮೆಯ ಹತ್ತಿಗೂ ಭಾರಿ ಬೆಲೆ ಬಂತು, ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟರು. ಯುದ್ಧ ಮುಗಿಯಿತು, ಬೆಲೆ ಬಿತ್ತು, ಸಾಲ ಮಾತ್ರ ಉಳಿಯಿತು. ಸಾಲದಲ್ಲಿ ಹಳೆಯ ಕಾಲದಿಂದ ಒಂದು ಕಟ್ಟುಪಾಡಿತ್ತು. ಬಡ್ಡಿ ಅಸಲನ್ನು ಮೀರಬಾರದು. ಇದಕ್ಕೆ ದಾಮ್‌ದುಪಟ್ ಎಂದು ಹೆಸರು. ಆದರೆ 1859ರ ಕಾಲಮಿತಿ ಕಾನೂನು ಬಂದ ಮೇಲೆ ಸಾಲಪತ್ರಕ್ಕೆ ಮೂರು ವರ್ಷ ಮಾತ್ರ ಆಯಸ್ಸು. ರೈತನಿಗೆ ಅನುಕೂಲವಾಗಲಿ ಎಂದು ಮಾಡಿದ್ದು ತಿರುಗಿ ಬಿತ್ತು. ಮೂರು ವರ್ಷಕ್ಕೊಮ್ಮೆ ಸಾಹುಕಾರರು ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಂಡರು. ನೀವೇ ಲೆಕ್ಕ ಹಾಕಿ. 100 ರೂಪಾಯಿಗೆ ವರ್ಷಕ್ಕೆ 24 ರೂಪಾಯಿ ಬಡ್ಡಿ ಎಂದುಕೊಂಡರೆ ಮೂರು ವರ್ಷಕ್ಕೆ 172. ಅದೇ ಹೊಸ ಅಸಲು. ಇನ್ನು ಮೂರು ವರ್ಷಕ್ಕೆ ಸುಮಾರು 296. ರೈತ ಕೈಗೆ ತೆಗೆದುಕೊಂಡದ್ದು ಮಾತ್ರ ಅದೇ 100.

ಇನ್ನು ಕೋರ್ಟಿನ ಕಥೆ. ನನಗೆ ಇಡೀ ವಿಷಯದಲ್ಲಿ ಬಹಳ ನೋವು ಕೊಟ್ಟ ಭಾಗ ಇದು. ಸಾಹುಕಾರ ದಾವೆ ಹಾಕುತ್ತಿದ್ದ. ಕೋರ್ಟು ತಾಲೂಕು ಕೇಂದ್ರದಲ್ಲಿ, ರೈತ ಹಳ್ಳಿಯಲ್ಲಿ. ಸಮನ್ಸು ಕೈಗೆ ಸಿಕ್ಕರೂ ಓದಲು ಬರುತ್ತಿರಲಿಲ್ಲ. ಓದಿಸಿಕೊಂಡರೂ ನಡೆದು ಹೋಗಲು ಕೂಲಿ ಬಿಡಬೇಕು, ವಕೀಲರಿಗೆ ದುಡ್ಡು ಬೇಕು. ಪತ್ರದ ಮೇಲೆ ತನ್ನದೇ ಗುರುತು ಇರುವಾಗ ಹೋಗಿ ಏನು ಹೇಳುವುದು ಎಂಬ ಅಂಜಿಕೆ ಬೇರೆ. ಅವನು ಹೋಗಲಿಲ್ಲ. ಪ್ರತಿವಾದಿ ಬರದಿದ್ದರೆ ವಾದಿಯ ಮಾತನ್ನಷ್ಟೇ ಕೇಳಿ ತೀರ್ಪು ಕೊಡಬಹುದು. ಅದಕ್ಕೆ ಏಕಪಕ್ಷೀಯ ಡಿಕ್ರಿ ಎನ್ನುತ್ತಾರೆ. ಆಮೇಲೆ ಜಪ್ತಿ, ಹರಾಜು. ಎಷ್ಟೋ ರೈತರಿಗೆ ತಮ್ಮ ಮೇಲೆ ದಾವೆ ಆಗಿತ್ತು ಎಂದು ಗೊತ್ತಾದದ್ದು ಅಮೀನ ಬಂದು ಹೊಲದಲ್ಲಿ ನಿಂತಾಗ.

ದಂಗೆಯ ನಂತರ ಸರ್ಕಾರ ಆಯೋಗ ನೇಮಿಸಿತು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಮೊದಲು ಪುಣೆ, ಸಾತಾರಾ, ಸೋಲಾಪುರ, ಅಹಮದ್‌ನಗರ, ಈ ನಾಲ್ಕು ಜಿಲ್ಲೆಗಳಿಗೆ ಮಾತ್ರ. ಆ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಮಾತು. ರೈತ ಸಾಲವನ್ನು ಒಪ್ಪಿಕೊಂಡರೂ ನ್ಯಾಯಾಧೀಶರು ಅಷ್ಟಕ್ಕೇ ಬಿಡಬಾರದು, ಸಾಲ ಮೊದಲ ದಿನದಿಂದ ಹೇಗೆ ಬೆಳೆಯಿತು ಎಂಬ ಇತಿಹಾಸವನ್ನು ತಾವೇ ವಿಚಾರಿಸಬೇಕು. ಪ್ರತಿವಾದಿಯನ್ನು ಕರೆಸಿ ಕೇಳಬೇಕು, ಬೇಡ ಎನಿಸಿದರೆ ಕಾರಣ ಬರೆದಿಡಬೇಕು. ಒಂದು ರೀತಿಯಲ್ಲಿ ನ್ಯಾಯಾಧೀಶರಿಗೇ ಹಿಸ್ಟರಿ ಹೋಂವರ್ಕ್! 1905ರಲ್ಲಿ ಇದರ ಮುಖ್ಯ ಕಲಮುಗಳು ಮುಂಬಯಿ ಪ್ರಾಂತದ ಉಳಿದ ಕಡೆಗೂ ಬಂದವು. ಧಾರವಾಡ, ಬೆಳಗಾವಿ, ವಿಜಾಪುರ ಆಗ ಆ ಪ್ರಾಂತದಲ್ಲೇ ಇದ್ದವು. ಮೈಸೂರು ಸಂಸ್ಥಾನವೂ 1928ರಲ್ಲಿ ಇಂಥದೇ ಕಾಯ್ದೆ ಮಾಡಿತು.

ಕಾಯ್ದೆಯಿಂದ ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಅಡಮಾನವಾದರೆ ಕೋರ್ಟು ಲೆಕ್ಕ ಕೇಳುತ್ತದೆ ಎಂದು ಕೆಲವು ಸಾಹುಕಾರರು ಸೀದಾ ಕ್ರಯಪತ್ರವನ್ನೇ ಬರೆಸಿಕೊಳ್ಳತೊಡಗಿದರು. ಹೆಸರಿಗೆ ಮಾರಾಟ, ಒಳಗೆ ಸಾಲ. ಅದನ್ನು ತಡೆಯಲು ಮತ್ತೆ ತಿದ್ದುಪಡಿ ಮಾಡಬೇಕಾಯಿತು.

ಈಗ ನಮ್ಮ ಕಾಲಕ್ಕೆ ಬರೋಣ. ಭಾರತದಲ್ಲಿ ಇಂದಿಗೂ ನಡೆಯುತ್ತಿರುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ. ಹುಡುಕಿದರೂ ಆಸಾಮಿ ಸಿಗದಿದ್ದರೆ ಸಮನ್ಸನ್ನು ಮನೆಯ ಹೊರಬಾಗಿಲಿಗೆ ಅಂಟಿಸಬಹುದು ಎಂಬ ನಿಯಮ ಅದರಲ್ಲಿದೆ. ಏಕಪಕ್ಷೀಯ ಡಿಕ್ರಿ ಆದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಸಮನ್ಸು ಸರಿಯಾಗಿ ಜಾರಿಯಾಗಿಲ್ಲ, ಅಥವಾ ಬರಲಾಗದ್ದಕ್ಕೆ ತಕ್ಕ ಕಾರಣವಿತ್ತು ಎಂದು ತೋರಿಸಿದರೆ ಡಿಕ್ರಿ ರದ್ದು ಮಾಡಿ ಮತ್ತೆ ವಿಚಾರಣೆ ನಡೆಸುತ್ತಾರೆ. ಅರ್ಜಿಗೆ ಗಡುವು 30 ದಿನ. ಸಮನ್ಸು ಸರಿಯಾಗಿ ಮುಟ್ಟಿರದಿದ್ದರೆ ಆ 30 ದಿನ ಶುರುವಾಗುವುದು ವಿಷಯ ಗೊತ್ತಾದ ದಿನದಿಂದ. ಹಾಗೆಂದು ಜಾರಿಯಲ್ಲಿ ಸಣ್ಣ ತಪ್ಪು ಹುಡುಕಿ ತಪ್ಪಿಸಿಕೊಳ್ಳಲೂ ಆಗದು. ಕೇಸಿನ ತಾರೀಖು ನಿಮಗೆ ಸಾಕಷ್ಟು ಮೊದಲೇ ಗೊತ್ತಿತ್ತು ಎಂದು ಕೋರ್ಟಿಗೆ ಅನಿಸಿದರೆ ಡಿಕ್ರಿ ನಿಲ್ಲುತ್ತದೆ. ಇದು ನ್ಯಾಯ ಎಂದೇ ನನಗೆ ಅನಿಸುತ್ತದೆ, ಸಾಲ ಕೊಟ್ಟವರಿಗೂ ಒಂದು ಹಕ್ಕಿದೆಯಲ್ಲ.

ಈಗಿನ ಗೃಹಸಾಲದಲ್ಲಿ ಬ್ಯಾಂಕು ಕೋರ್ಟಿಗೆ ಹೋಗಲೇಬೇಕೆಂದಿಲ್ಲ. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ 60 ದಿನದ ನೋಟಿಸ್ ಕೊಟ್ಟು ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ನೀವು ಆಕ್ಷೇಪ ಬರೆದು ಕಳಿಸಿದರೆ ಅದಕ್ಕೆ ಉತ್ತರ ಕೊಡಲೇಬೇಕು. ಆದರೆ ನೋಟಿಸ್ ಹೋಗಿ ಬೀಳುವುದು ಎಲ್ಲಿ? ಸಾಲದ ಪತ್ರದಲ್ಲಿರುವ ವಿಳಾಸದಲ್ಲಿ. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಅಮ್ಮನನ್ನು ಒಮ್ಮೆ ಕೇಳಿ, ಅದರಲ್ಲಿ ಯಾವ ಮನೆಯ ವಿಳಾಸ ಇದೆ ಎಂದು.

ಇಲ್ಲಿ ದುಬೈಯಲ್ಲೂ ನಿಯಮ ಇದೆ. 2008ರ 14ನೇ ಅಡಮಾನ ಕಾನೂನಿನಂತೆ ಮನೆ ಹರಾಜಿಗೆ ಹೋಗುವ ಮೊದಲು ನೋಟರಿ ಪಬ್ಲಿಕ್ ಮೂಲಕ 30 ದಿನದ ಲಿಖಿತ ನೋಟಿಸ್ ಕೊಡಬೇಕು. ಕೋರ್ಟಿನ ತಿಳುವಳಿಕೆ ಈಗ ಎಸ್‌ಎಂಎಸ್, ಇಮೇಲಿನಲ್ಲೂ ಬರಬಹುದು. ಬಾಗಿಲಿಗೆ ಅಂಟಿಸುವ ಕಾಲದಿಂದ ಫೋನಿಗೆ ಅಂಟಿಸುವ ಕಾಲಕ್ಕೆ ಬಂದಿದ್ದೇವೆ.

ಇನ್ನೊಂದು ವಿಷಯ ಇಲ್ಲಿಯ ದೊಡ್ಡವರಿಗೆ. 2020ರ ಜನವರಿ 17ರಂದು ಭಾರತ ಸರ್ಕಾರ ಯುಎಇಯನ್ನು ಪರಸ್ಪರ ತೀರ್ಪು ಮಾನ್ಯ ಮಾಡುವ ದೇಶ ಎಂದು ಘೋಷಿಸಿತು. ಇಲ್ಲಿಯ ಕೋರ್ಟಿನ ಹಣದ ಡಿಕ್ರಿಯನ್ನು ಮಂಗಳೂರಿನ ಅಥವಾ ಹುಬ್ಬಳ್ಳಿಯ ಆಸ್ತಿಯ ಮೇಲೂ ಅಲ್ಲಿಯ ಜಿಲ್ಲಾ ನ್ಯಾಯಾಲಯದ ಮೂಲಕ ಜಾರಿ ಮಾಡಿಸಬಹುದು. ಸಾಲ ಬಿಟ್ಟು ವಿಮಾನ ಹತ್ತಿದರೆ ಮುಗಿಯಿತು ಎನ್ನುವ ಮಾತು ಅಲ್ಲಿಗೆ ಸುಳ್ಳಾಯಿತು. ಆದರೂ ಸಂಹಿತೆಯ 13ನೇ ಕಲಮು ಒಂದು ಕಿಟಕಿ ತೆರೆದಿಟ್ಟಿದೆ. ವಿದೇಶಿ ತೀರ್ಪು ವಿಷಯದ ಒಳಹೊಕ್ಕು ಕೊಟ್ಟದ್ದಾಗಿರಬೇಕು. ಇಂಗ್ಲೆಂಡಿನ ಕೋರ್ಟೊಂದು ಸಾಕ್ಷ್ಯ ಪರಿಶೀಲಿಸದೆ ಕೊಟ್ಟ ಏಕಪಕ್ಷೀಯ ಡಿಕ್ರಿಯನ್ನು 2001ರಲ್ಲಿ ಭಾರತದ ಸುಪ್ರೀಂ ಕೋರ್ಟು ಇದೇ ಕಾರಣಕ್ಕೆ ಒಪ್ಪಲಿಲ್ಲ.